ಕೀಲುಜ್ವರ ಮತ್ತು ನನ್ನ ಎಡ ಭುಜ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಯಚೂರಿನ ಮನೆಯಲ್ಲಿ ಕೂತು ಉಣ್ಣುತ್ತಿದ್ದ ನನಗೆ ಮಾನ್ವಿಯಲ್ಲಿ ಜ್ವರ ಕೇಳುವ ಕೆಲಸ ಸಿಕ್ಕಿತು, ಅದೂ ಹಂಗಾಮಿ. ಎರಡು ವಾರಕ್ಕೊಮ್ಮೆ ಮನೆಮನೆಗೆ ಹೋಗಿ, "ಯಾರಿಗಾದ್ರೂ ಜ್ವರ ಅದೇನ್ರೀ?" ಎಂದು ಕೇಳಬೇಕು. ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಹಚ್ಚಿಕೊಂಡು, ಹೆಗಲ ಪೆಟ್ಟಿಗೆಗೆ ಸೇರಿಸಿ, ರಿಜಿಸ್ಟರಿನಲ್ಲಿ ಮನೆ ನಂಬರಿನ ಮುಂದೆ ಬರೆಯಬೇಕು. ಸರ್ಕಾರ ಮಲೇರಿಯಾ ಹುಡುಕುತ್ತಿತ್ತು. ನಾನು ನಗುವವರನ್ನು ಹುಡುಕುತ್ತಿದ್ದೆ.

ಅಣಕಿಸುವುದು ನನ್ನ ಚಟ. ನಮ್ಮ ಸಾಹೇಬರು ಮಾತಿಗೆ ಮೊದಲು ಕನ್ನಡಕ ತೆಗೆದು, ಉಫ್ ಎಂದು ಊದಿ, "ಅಂದ್ರ... ಅಂದ್ರ ಏನಂದ್ರ" ಎನ್ನುವವರು. ಅವರನ್ನು ಮಾಡಿ ತೋರಿಸುವಾಗ ನಾನು ಎಡ ಭುಜವನ್ನೂ ಎರಡು ಸಲ ಕುಣಿಸುತ್ತಿದ್ದೆ. ಸಾಹೇಬರ ಭುಜ ಯಾವತ್ತೂ ಕುಣಿದದ್ದಿಲ್ಲ. ಅದು ಎಲ್ಲಿಂದ ಬಂದು ಸೇರಿಕೊಂಡಿತೋ ನನಗೇ ಗೊತ್ತಿರಲಿಲ್ಲ. ಜನ ನಕ್ಕರು, ಇಟ್ಟುಕೊಂಡೆ.

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಕಾಲುವೆ ಪಕ್ಕದ ಗುಡಿಸಲಿನವರು. ದೇವದುರ್ಗದ ಕಡೆಯಿಂದ ನೆಲ್ಲು ನಾಟಿಗೆ ಬಂದ ಕೂಲಿ ಕುಟುಂಬಗಳು. ಅವರಲ್ಲಿ ಹಿರಿಯಳಾದ ಮುದುಕಿ ನನ್ನನ್ನು ದೂರದಿಂದಲೇ ಕೂಗುತ್ತಿದ್ದಳು: "ಬಾ ಯಪ್ಪಾ, ಇವತ್ತ ಯಾರನ್ನ ಹೊತಗೊಂಡು ಬಂದಿ?" ಅಲ್ಲಿಗೆ ನಾನು ಒಂದು ಸಲವೂ ತಪ್ಪಿಸಲಿಲ್ಲ.

ಅಕ್ಕಿ ಗಿರಣಿ ಸಾಹುಕಾರರ ಓಣಿಯ ಕಥೆಯೇ ಬೇರೆ. ಅಲ್ಲಿ ಕಟ್ಟೆಯ ಮೇಲಿಂದಲೇ, "ನಮ್ಮನ್ಯಾಗ ಯಾರಿಗೂ ಏನೂ ಇಲ್ಲ, ನಡೀ" ಎನ್ನುತ್ತಿದ್ದರು. ನಗುವವರಿಲ್ಲದ ಓಣಿ ನನಗೂ ಬೇಡವಾಯಿತು. ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ, ರಿಜಿಸ್ಟರಿನ ಹಳೆಯ ಪಟ್ಟಿಯನ್ನೇ ನೋಡಿ ನಕಲು ಮಾಡಿ, ಎಲ್ಲರ ಮುಂದೆಯೂ "ಜ್ವರ ಇಲ್ಲ" ಎಂದು ಬರೆದುಬಿಡುತ್ತಿದ್ದೆ.

ಅಷ್ಟರಲ್ಲಿ ಕೀಲುಜ್ವರ ಬಂತು. ಊರಿಗೆ ಊರೇ ಮೊಣಕಾಲು ಹಿಡಿದು ಬಾಗಿ ನಡೆಯತೊಡಗಿತು. ಆ ನಡಿಗೆಯನ್ನೂ ನಾನು ಬಿಡಲಿಲ್ಲ ಅನ್ನಿ. ಆದರೆ ರಿಜಿಸ್ಟರಿನಲ್ಲಿ ಮೊದಲ ಜ್ವರ ಗುಡಿಸಲಿನದಾಗಿತ್ತು. ಸುದ್ದಿ ಹೊರಬಿದ್ದದ್ದೇ ತಡ, "ದೇವದುರ್ಗದವ್ರು ತಂದಾರ" ಎಂದು ಊರು ತೀರ್ಮಾನ ಮಾಡಿತು. ನಲ್ಲಿಯ ಹತ್ತಿರ ಅವರ ಕೊಡ ಇಡಗೊಡಲಿಲ್ಲ. ಸೋಮವಾರದೊಳಗೆ ಗುಡಿಸಲು ಕಿತ್ತುಕೊಂಡು ಹೋಗಬೇಕೆಂದರು. ನಾಟಿ ಇನ್ನೂ ಅರ್ಧವೂ ಮುಗಿದಿರಲಿಲ್ಲ.

ಮುದುಕಿಯ ಬೆರಳುಗಳು ಊದಿಕೊಂಡಿದ್ದವು. "ನಾವು ಬರೋ ಮುಂದ ಎಲ್ಲಾರೂ ಗಟ್ಟಿ ಇದ್ವಿ ಯಪ್ಪಾ. ಇಲ್ಲಿಗೆ ಬಂದ ಮ್ಯಾಲ ಬಿದ್ದೀವಿ. ಬರಕೊಂಡಾಂವ ನೀ, ನೀನ ಹೇಳು" ಎಂದಳು.

"ಏನ್ಮಾಡ್ಲಿ ಯವ್ವಾ, ರಿಜಿಸ್ಟರಿನ್ಯಾಗ ನಿಮ್ದ ಮೊದ್ಲ ಅದ."

"ಹಂಗಾರ ನಿನ್ ರಿಜಿಸ್ಟರಿಗೇ ಜ್ವರ ಬಂದದ ತಗೋ."

ಶುಕ್ರವಾರ ಎಲ್ಲೋ ದೂರದ ಲ್ಯಾಬಿನಿಂದ ಒಬ್ಬ ಡಾಕ್ಟರಮ್ಮ ಐಸ್ ಪೆಟ್ಟಿಗೆ ತಂದು ರಕ್ತ ತೆಗೆದುಕೊಂಡರು. ಚಹಾ ಕುಡಿಯುವಾಗ ನಾನು, ರಕ್ತ ನೋಡಿ ಜ್ವರದ ಊರು ಹೇಳಬಹುದೇ ಎಂದು ಕೇಳಿದೆ.

"ವೈರಸ್ ತನ್ನನ್ನೇ ನಕಲು ಮಾಡಿಕೊಳ್ಳುತ್ತ ಹೋಗುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಆ ತಪ್ಪು ಮುಂದಿನ ನಕಲುಗಳಿಗೂ ಹೋಗುತ್ತದೆ. ಎರಡು ಕಡೆಯ ವೈರಸ್ ಪಕ್ಕಪಕ್ಕ ಇಟ್ಟು ತಪ್ಪುಗಳನ್ನು ತಾಳೆ ನೋಡಿದರೆ, ಯಾವುದು ಯಾವುದರ ವಂಶ ಎಂದು ಹೇಳಬಹುದು. ಆ ಕೆಲಸ ಈಗಷ್ಟೇ ಶುರುವಾಗಿದೆ. ನಿಮ್ಮೂರಿನ ಉತ್ತರ ಬರಲು ತಿಂಗಳುಗಳೇ ಬೇಕು."

"ನಮ್ಮ ಸಾಹೇಬ್ರ ಭುಜ ಇದ್ದಂಗ ಅನ್ರಿ" ಎಂದೆ. ಮಾನ್ವಿಯ ಹೋಟೆಲಿನಲ್ಲಿ ಮಿರ್ಚಿ ಕರಿಯುವವನೂ ದೇವದುರ್ಗದ ಬಸ್ಸಿನ ಕಂಡಕ್ಟರನೂ ನಮ್ಮ ಸಾಹೇಬರನ್ನು ಅಣಕಿಸುತ್ತಿದ್ದರು. ಇಬ್ಬರೂ ನನ್ನಿಂದ ಕಲಿತವರು, ಹಾಗಾಗಿ ಇಬ್ಬರೂ ಇಲ್ಲದ ಭುಜವನ್ನು ಕುಣಿಸುತ್ತಿದ್ದರು. ಕಂಡಕ್ಟರ್ ತನ್ನದೂ ಒಂದಿರಲಿ ಎಂದು ಕೊನೆಗೆ ಸೀನು ಸೇರಿಸಿದ್ದ. ಅವನಿಂದ ಕಲಿತ ಪ್ರಯಾಣಿಕರು ಭುಜವನ್ನೂ ಕುಣಿಸುತ್ತಿದ್ದರು, ಸೀನುತ್ತಲೂ ಇದ್ದರು. ಅಷ್ಟನ್ನೂ ಡಾಕ್ಟರಮ್ಮನಿಗೆ ಹೇಳಿ, ಮಾಡಿಯೂ ತೋರಿಸಿದೆ.

ಡಾಕ್ಟರಮ್ಮ ನಕ್ಕ ನಗುವಿಗೆ ಚಹಾ ಸೀರೆಯ ಮೇಲೆ ಚೆಲ್ಲಿತು. "ಅಷ್ಟೇ ಕಣ್ರೀ! ಭುಜ ಇದ್ದರೆ ನಿಮ್ಮ ವಂಶ, ಸೀನೂ ಇದ್ದರೆ ಕಂಡಕ್ಟರ್ ಮೂಲಕ ಬಂದದ್ದು. ಎಲ್ಲಿ, ನಿಮ್ಮ ರಿಜಿಸ್ಟರ್ ಕೊಡಿ. ರಕ್ತ ಮಾತಾಡುವ ತನಕ ಅದೇ ಸಾಕ್ಷಿ."

ಸಾಹೇಬರೂ ಬಂದು ಪಕ್ಕದಲ್ಲಿ ಕೂತರು. ಡಾಕ್ಟರಮ್ಮನ ಬೆರಳು ಸಾಹುಕಾರರ ಓಣಿಯ ಪಟ್ಟಿಯಲ್ಲಿ ಇಳಿಯುತ್ತ ಇಳಿಯುತ್ತ ನಿಂತಿತು. ಮನೆ ನಂಬರು ಹದಿನೇಳು ಎರಡು ಸಲ ಇತ್ತು, ಹದಿನೆಂಟು ಇರಲಿಲ್ಲ. ಹಾಳೆ ತಿರುವಿದರು. ಮುಂದಿನ ಪಟ್ಟಿಯಲ್ಲೂ ಹದಿನೇಳು ಎರಡು ಸಲ. ಅದರ ಮುಂದಿನದರಲ್ಲೂ. ಅವರು ನನ್ನ ಭುಜದ ಕಡೆ ನೋಡಿದರು.

ಒಂದೇ ಸಲವಾದರೆ ಪೆನ್ನಿನ ತಪ್ಪು ಅನ್ನಬಹುದಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಸೋಮವಾರ ಗುಡಿಸಲು ಹೋಗುತ್ತವೆ. ಬಾಯಿ ತೆರೆದೆ. ಹೆದರಿಕೆಗೆ ನನ್ನ ದನಿಯೇ ಹೊರಡಲಿಲ್ಲ, ಸಾಹೇಬರ ದನಿ ಹೊರಟಿತು: "ಅಂದ್ರ... ಅಂದ್ರ ಏನಂದ್ರ, ಆ ಓಣಿಗೆ ನಾ ಹೋಗೇ ಇಲ್ಲರೀ." ಸಾಲದ್ದಕ್ಕೆ ಭುಜವೂ ಎರಡು ಸಲ ಕುಣಿಯಿತು.

ಸಾಹೇಬರು ಕನ್ನಡಕ ತೆಗೆದರು. ಊದುವುದನ್ನು ಮರೆತರು. "ಲೇ, ನನ್ ಭುಜ ಯಾವಾಗ ಹಂಗ ಕುಣೀತಲೇ?" ಎಂದು ಮೊದಲು ಅದನ್ನೇ ಕೇಳಿದರು. ಆಮೇಲೆ ಎದ್ದರು. "ನಡೀ, ಹದಿನೆಂಟನೇ ಮನಿಗೆ."

ಹದಿನೆಂಟು ಗಿರಣಿ ಸಾಹುಕಾರರದೇ ಮನೆ. "ನಮ್ಮನ್ಯಾಗ ಯಾರಿಗೂ..." ಎಂದು ಅವರು ಶುರು ಮಾಡುವಷ್ಟರಲ್ಲಿ ಅವರ ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕೇಳಿದರೆ, "ಕೂಲಿಯವ್ರು ಬರೋಕಿಂತ ಮೊದ್ಲ ರಾಯಚೂರಿಗೆ ಮದುವಿಗೆ ಹೋಗಿದ್ವಿರೀ. ತಿರುಗಿ ಬಂದು ಮನಿಮಂದಿಯೆಲ್ಲಾ ಬಿದ್ವಿ. ಇನ್ನೂ ಕಾಲು ನೆಟ್ಟಗಾಗಿಲ್ಲ. ಯಾರೂ ಕೇಳಲಿಲ್ಲ, ನಾವು ಹೇಳಲಿಲ್ಲ" ಎಂದರು.

ಹಿತ್ತಲಲ್ಲಿ ಕಲ್ಲಿನ ನೀರಿನ ತೊಟ್ಟಿ. ಅದರ ತುಂಬ ಸೊಳ್ಳೆಮರಿಗಳು ಕುಣಿಯುತ್ತಿದ್ದವು. "ಈ ಜ್ವರ ಹರಡುವುದೇ ಹಗಲು ಕಚ್ಚುವ ಈ ಸೊಳ್ಳೆ. ನೀರು ತುಂಬಿಟ್ಟವರ ಮನೆಯಲ್ಲಿ ಹುಟ್ಟುತ್ತದೆ" ಎಂದರು ಡಾಕ್ಟರಮ್ಮ. ಗುಡಿಸಲಿನವರ ಎರಡು ಕೊಡ ಸಂಜೆಯೊಳಗೆ ಬರಿದಾಗುತ್ತಿದ್ದವು. ಆದರೆ ಆ ಹೆಂಗಸರಲ್ಲಿ ಕೆಲವರು ಇದೇ ಮನೆಯ ಅಂಗಳದಲ್ಲಿ ಕುದಿಸಿದ ನೆಲ್ಲು ಒಣಗಿಸಲು ಬರುತ್ತಿದ್ದರು. ಜ್ವರ ಊರಿನಿಂದ ಗುಡಿಸಲಿಗೆ ನಡೆದಿತ್ತು. ನನ್ನ ರಿಜಿಸ್ಟರ್ ಅದನ್ನು ಹಿಂದುಮುಂದಾಗಿ ನಡೆಸಿತ್ತು.

ಸಾಹೇಬರು ಅಂದೇ ವರದಿ ತಿದ್ದಿದರು. ಊರಿನ ಹಿರಿಯರನ್ನು ಕರೆದು ಓದಿಯೂ ಹೇಳಿದರು. ಗುಡಿಸಲು ಉಳಿದವು, ಕೊಡಗಳು ನಲ್ಲಿಗೆ ಮರಳಿದವು. ಆ ಓಣಿಯ ಎಲ್ಲ ತೊಟ್ಟಿಗಳನ್ನೂ ಬರಿದು ಮಾಡಿ ತಿಕ್ಕುವ ಶಿಕ್ಷೆ ನನಗಾಯಿತು. ಲ್ಯಾಬಿನ ಉತ್ತರ ನಮ್ಮ ತನಕ ಬರಲೇ ಇಲ್ಲ.

ಸೋಮವಾರ ಗುಡಿಸಲಿಗೆ ಹೋದೆ, ತಪ್ಪಾಯಿತು ಎನ್ನಬೇಕೆಂದು. ಮುದುಕಿ ನನಗೆ ಬಾಯಿ ಬಿಡಗೊಡಲಿಲ್ಲ. ಒಂದು ಕೈಚೀಲವನ್ನು ಎಡ ಭುಜಕ್ಕೆ ಹಾಕಿಕೊಂಡು, ಮೂಗಿನಲ್ಲಿ "ಯಾರಿಗಾದ್ರೂ ಜ್ವರ ಅದೇನ್ರೀ?" ಎಂದು ಹಾಡುತ್ತ, ಭುಜವನ್ನು ಎರಡೆರಡು ಸಲ ಕುಣಿಸುತ್ತ ಗುಡಿಸಲಿಂದ ಗುಡಿಸಲಿಗೆ ನಡೆದಳು. ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು.

"ಯವ್ವಾ, ಆ ಭುಜ ನಮ್ಮ ಸಾಹೇಬ್ರದು" ಎಂದೆ.

"ನಿಮ್ ಸಾಹೇಬ್ರನ್ನ ನಾ ಎಲ್ಲಿ ನೋಡೀನಿ? ಮೊದಲ ದಿನದಿಂದ ನಿನ್ನನ್ನ ನೋಡಾಕತ್ತೀನಿ."

ಗಾಜಿನ ಪಟ್ಟಿಗಳ ಪೆಟ್ಟಿಗೆ ನನ್ನ ಎಡ ಭುಜದಿಂದ ಜಾರುತ್ತಿತ್ತು. ಎರಡು ಸಲ ಕುಣಿಸಿ ಮೇಲಕ್ಕೆ ಏರಿಸಿಕೊಂಡೆ.