ಕುಡಿಯದೆ ಕೆಳಗಿಟ್ಟ ಕಾಫಿ

ಮುಂಬೈಯಿಂದ ವಿಮಾನ ಹತ್ತಿದಾಗ ನನ್ನ ಚೀಲದಲ್ಲಿ ಅಕ್ಕ ತರಲು ಹೇಳಿದ್ದ ಕುಚ್ಚಲಕ್ಕಿ, ಹಪ್ಪಳ ಮತ್ತು ನಾನು ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ಟಿಪ್ಪಣಿಗಳು ಇದ್ದವು. ಭಾವ ಮೊದಲೇ ಮಾಡಿಸಿಟ್ಟಿದ್ದ ವಿಸಿಟ್ ವೀಸಾ, ರಜೆ ಕಳೆಯಲೆಂದು. ಆದರೆ ಹೊರಡುವ ಮೊದಲು ಕತಾರಿನ ದೋಹಾದಿಂದ ಅಕ್ಕನ ಫೋನು ಬಂದಿತ್ತು.

"ಭಾವನಿಗೆ ದೇಶ ಬಿಡ್ಲಿಕ್ಕೆ ಆರ್ಡರ್ ಬಂದಿದೆ. ನನ್ನದೂ ಮಗಳದ್ದೂ ವೀಸಾ ಅವರ ಮೇಲೆಯೇ ಅಲ್ವಾ? ಅವಳ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಯುವವರೆಗೆ ಆರ್ಡರ್ ನಿಲ್ಲಿಸಿದ್ರೆ ಸಾಕು. ನೀನು ಕಾನೂನು ಕಲಿತವ, ಬಾ."

ಬೀಡಿ ಕಟ್ಟಿ ಸಾಕಿದ ಅಮ್ಮನ ಮಕ್ಕಳು ನಾವು. ಮನೆಗೆ ಡಿಗ್ರಿ ಬಂದದ್ದು ನನ್ನಿಂದ. ಅದರ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ.

ದಾರಿಯುದ್ದಕ್ಕೂ ಟಿಪ್ಪಣಿ ಓದಿದೆ. ಇಂಗ್ಲೆಂಡಿನಲ್ಲಿ ಒಂದೆಡೆ ಬರೆದಿಟ್ಟ ಸಂವಿಧಾನವಿಲ್ಲ. ಆದರೂ ಅಲ್ಲಿಯ ಕೋರ್ಟು ಮಂತ್ರಿಯನ್ನೇ ಕೇಳುತ್ತದೆ: ಈ ಅಧಿಕಾರ ನಿಮಗೆ ಎಲ್ಲಿಂದ ಬಂತು? ಆದೇಶ ಮಾಡುವ ಮೊದಲು ಆ ಮನುಷ್ಯನ ಮಾತು ಕೇಳಿದಿರಾ? ಕತಾರಿನಲ್ಲಿ ಬರೆದ ಸಂವಿಧಾನವೇ ಜಾರಿಗೆ ಬಂದು ಕೆಲವು ವರ್ಷವಾಗಿತ್ತು. ಕೆಲಸ ಸುಲಭವಾದೀತು ಎಂದುಕೊಂಡೆ.

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿದ್ದ ಅಕ್ಕನ ಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಭಾವನ ಮೇಲೆ ವ್ಯಾಪಾರದ ಪಾಲುದಾರ ಕೊಟ್ಟ ಹೊಡೆದಾಟದ ದೂರನ್ನು ಕೋರ್ಟು ತಳ್ಳಿಹಾಕಿದ್ದರೂ ಅದರ ಮೇಲೆ ಗೃಹ ಇಲಾಖೆ ಹೊರಡಿಸಿದ ಆದೇಶವನ್ನು ಹಿಂತೆಗೆದುಕೊಂಡಿರಲಿಲ್ಲ. ಭಾನುವಾರ ಭಾವ ಹೊರಡಬೇಕು.

ಮರುದಿನ, ಧೂಳುಗಾಳಿಯಲ್ಲಿ, ಭಾವನೂ ನಾನೂ ವಕೀಲರೊಬ್ಬರ ಆಫೀಸಿಗೆ ಹೋದೆವು. ಅಲ್ಲಿ ಕೆಲಸಕ್ಕಿದ್ದ ಉಡುಪಿ ಕಡೆಯ ಡಿಸೋಜಾ ನನ್ನ ವಾದವನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಸರಕಾರದ ಆರ್ಡರಿನ ವಿರುದ್ಧ ಹೋಗ್ಲಿಕ್ಕೆ ಇಲ್ಲಿಯೂ ಈಗ ಕೋರ್ಟು ಉಂಟು, ಮಾರಾಯ್ರೆ. ಆದ್ರೆ ಪರದೇಶದವರನ್ನು ಕಳಿಸುವ ವಿಷಯಕ್ಕೆ ಅಲ್ಲಿ ‘ಮಾಫಿ’, ಅರಬಿಯಲ್ಲಿ ಇಲ್ಲ ಅಂತ. ಅದನ್ನು ತೆಗೆದುಕೊಳ್ಳುದೇ ಇಲ್ಲ."

"ಕಾರಣವನ್ನಾದರೂ ಕೇಳಬಹುದಲ್ಲ?"

"ಕೇಳಿ. ನಿಮ್ಮ ಭಾವ ನಾಳೆಯೇ ವಿಮಾನದಲ್ಲಿ. ಸುಮ್ಮನೆ ಇಲಾಖೆಯ ದೊಡ್ಡ ಸಾಹೇಬರ ಮಜ್ಲಿಸ್‌ಗೆ ಹೋಗಿ. ಅವರ ಮನೆಯ ಚಾವಡಿ ಅದು. ಗುರುವಾರ ಸಂಜೆ ಯಾರು ಬೇಕಾದ್ರೂ ಹೋಗ್ಬಹುದು."

"ಇವ ಅಲ್ಲಿ ಪಾಠ ಶುರು ಮಾಡಿದ್ರೆ ಖಲಾಸ್," ಎಂದರು ಭಾವ. ನಗಲಿಲ್ಲ.

ಗುರುವಾರ ಟ್ಯಾಕ್ಸಿಯಲ್ಲಿ ಅಲ್ ರಯ್ಯಾನಿನಲ್ಲಿದ್ದ ಸಾಹೇಬರ ಮನೆಗೆ ಹೋದೆವು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಗೋಡೆಗುಂಟ ದಿಂಬುಗಳು, ಒರಗಿ ಕುಳಿತ ಗಂಡಸರು, ಕೊನೆಯಲ್ಲಿ ಬಿಳಿಗಡ್ಡದ ಸಾಹೇಬರು. ಆದೇಶಕ್ಕೆ ಸಹಿ ಹಾಕಿದವರು ಅವರೇ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಬಂತು. ನಾನು ಬಟ್ಟಲನ್ನು ಮುಂದೆ ನೆಲಕ್ಕಿಟ್ಟೆ. ಯಾರ ಆದೇಶ ತಪ್ಪೆಂದು ವಾದಿಸಲು ಬಂದೆನೋ ಅವರ ಕಾಫಿ ಕುಡಿಯುವುದು ವಕೀಲಿ ಕಲಿತವನಿಗೆ ಸರಿಯಲ್ಲ ಅನ್ನಿಸಿತ್ತು.

ಪಕ್ಕದವರ ಮಾತು ನಿಂತಿತು. ಆಮೇಲೆ ಇಡೀ ಕೋಣೆಯದು. ಭಾವ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದರು.

ಸಾಹೇಬರು ಬಟ್ಟಲು ನೋಡಿದರು, ನನ್ನನ್ನು ನೋಡಿದರು. ಹರುಕುಮುರುಕು ಹಿಂದಿಯಲ್ಲಿ, "ಏನಾಗಬೇಕು ಹೇಳು," ಎಂದರು.

ಯಾವ ಕಾನೂನಿನಡಿ ಈ ಆದೇಶ ಎಂಬ ಪ್ರಶ್ನೆ ನಾಲಗೆಯ ತುದಿಯಲ್ಲಿತ್ತು. ಭಾವ ಮೊಣಕಾಲು ಬಿಟ್ಟಿರಲಿಲ್ಲ. ಇವರ ಮಗಳಿಗೆ ಪರೀಕ್ಷೆ, ಅದು ಮುಗಿಯುವವರೆಗೆ ತಡೆಯಿರಿ, ಎಂದೆ.

"ಯಾವ ವಿಷಯ ಕಷ್ಟ ಅವಳಿಗೆ?"

"ಗಣಿತ," ಎಂದರು ಭಾವ.

ಸಾಹೇಬರು ಪಕ್ಕದವರಿಗೆ ಅರಬಿಯಲ್ಲಿ ಏನೋ ಹೇಳಿ ನನ್ನತ್ತ ತಿರುಗಿದರು. "ಪರೀಕ್ಷೆ ಮುಗಿಸಿ ಹೋಗಲಿ. ಈಗ ಕುಡಿ." ಕುಡಿದೆ. ತಣ್ಣಗಾಗಿತ್ತು.

ಟ್ಯಾಕ್ಸಿಯಲ್ಲಿ ಭಾವ ಕೇಳಿದರು: "ಆ ಪದ್ಧತಿ ನಿನಗೆ ಹೇಳಿದ್ದು ಯಾರು?"

"ಯಾವ ಪದ್ಧತಿ?"

"ಬೇಡಿಕೆ ಇದ್ದವ ಕಾಫಿ ಕುಡಿಯದೆ ಕೆಳಗೆ ಇಡುದು. ನಡೆಸಿಕೊಡದಿದ್ರೆ ಮನೆಯ ಯಜಮಾನನಿಗೇ ಮರ್ಯಾದೆ ಹೋಯ್ತು. ಇಷ್ಟು ವರ್ಷ ಇಲ್ಲಿದ್ದು ನನಗೆ ಧೈರ್ಯ ಬರ್ಲಿಲ್ಲ."

ನನಗೆ ಗೊತ್ತಿರಲಿಲ್ಲ ಎಂದಾಗ ಭಾವ ಅಳುವಷ್ಟು ನಕ್ಕರು. ಮನೆಯಲ್ಲಿ ಅಕ್ಕ ಸೂಟ್‌ಕೇಸನ್ನು ಮಂಚದಡಿಗೆ ತಳ್ಳಿ, "ಕೇಸು ಗೆದ್ದೆಯಲ್ಲ ಲಾಯರೇ," ಎಂದು ಗಂಜಿ ಬಡಿಸಿದಳು. ಹೂಂ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಹಿಂದಿರುಗುವ ದಿನ ಭಾವ ವಿಮಾನನಿಲ್ದಾಣದವರೆಗೆ ಬಂದರು. ಬಾಗಿಲಲ್ಲಿ ಚೀಲ ಕೈಗೆ ಕೊಡುತ್ತಾ, "ಸುರೇಶ, ಅವರು ಆಗುದಿಲ್ಲ ಅಂದಿದ್ರೆ ಮತ್ತೆ ನಾವು ಯಾರತ್ರ ಹೋಗುದಿತ್ತು?" ಎಂದು ಕೇಳಿದರು.

ಹಿಂದಿನವರು ನೂಕಿದರು, ಒಳಗೆ ಬಂದೆ. ಗಾಜಿನ ಈಚೆಯಿಂದ ತಿರುಗಿ ನೋಡಿದೆ. ಭಾವ ಕೈಬೀಸಲಿಲ್ಲ. ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದರು.