ಕೆಂಪರಾಜು ಬಂಡೆಯಿಂದ ಬಿಡಿಸಿ ತಂದ ಹುಣಸೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಾಯಿ ಜೋರು. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ನರ್ಸರಿ ಇಟ್ಟುಕೊಂಡಿದ್ದೇನೆ. ಬಂದವರು ಎರಡು ಮಾತು ಆಡುವಷ್ಟರಲ್ಲಿ ನಾನು ಹತ್ತು ಆಡಿ ಮುಗಿಸಿರುತ್ತೇನೆ. "ಹರಿಕೃಷ್ಣ ಸಾಹೇಬ್ರೇ, ಜನ ಬರೋದು ಗಿಡ ತಗೊಳ್ಳೋಕೆ, ಬೈಸ್ಕೊಳ್ಳೋಕಲ್ಲ" ಎಂದು ನನ್ನ ಹೆಂಡತಿ ಶಿರೀಷಾ ದಿನಕ್ಕೊಮ್ಮೆಯಾದರೂ ಚುಚ್ಚುತ್ತಾಳೆ. ಇರಲಿ. ನಾನು ಹೇಳಹೊರಟಿದ್ದು ಕೆಂಪರಾಜುವಿನ ವಿಷಯ.

ಕೆಂಪರಾಜು ಮಂಚೇನಹಳ್ಳಿ ಆಚೆಯ ಒಂದು ಕ್ವಾರಿಯಲ್ಲಿ ಕುಳಿ ಹೊಡೆಯುವವನು. ಅಂದರೆ ಸಿಡಿಮದ್ದು ತುಂಬುವುದಕ್ಕೆ ಬಂಡೆಗೆ ತೂತು ಕೊರೆಯುವ ಕೆಲಸ. ವಯಸ್ಸು ನಲವತ್ತೆರಡು, ಆಳು ಕಟ್ಟುಮಸ್ತು, ಮಾತು ಮಾತ್ರ ಹತ್ತಿರ ಹೋದರೇ ಕೇಳಿಸುವುದು. ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಬಂದು, ನನ್ನ ಬೋನ್ಸಾಯ್ ಮರಗಳ ಮುಂದೆ ಅರ್ಧ ಗಂಟೆ ಕೈಕಟ್ಟಿಕೊಂಡು ನಿಂತಿದ್ದ. ನಾನೇ ಹೋಗಿ ಏನಪ್ಪಾ ಬೇಕು ಎಂದು ಗದರಿಸಿದ ಮೇಲೆ ಬಾಯಿ ಬಿಟ್ಟ.

"ಸಾ, ಬಂಡೆ ಸೀಳಲ್ಲಿ ಬೆಳ್ದಿರೋ ಮರ ಬಿಡಿಸ್ಕೊಂಡು ಬಂದ್ರೆ ಬದುಕ್ತದಾ?"

"ಯಾವ ಮರ?"

"ಹುಣಸೆ ಸಾ. ಎತ್ತರ ನನ್ನ ಸೊಂಟಕ್ಕೆ ಬರ್ತದೆ. ಬುಡ ತೊಡೆ ದಪ್ಪ ಐತೆ."

ನನ್ನ ಕಿವಿ ನೆಟ್ಟಗಾಯಿತು. ಮಣ್ಣಿಲ್ಲದೆ, ನೀರಿಲ್ಲದೆ, ಬೆಳೆಯಲೂ ಆಗದೆ ಸಾಯಲೂ ಆಗದೆ ಬಲಿತ ಅಂಥ ಮರಕ್ಕಾಗಿ ಬೋನ್ಸಾಯ್ ಹುಚ್ಚಿನವರು ಬೆಟ್ಟ ಬೆಟ್ಟ ಅಲೆಯುತ್ತಾರೆ. ತಂದುಕೊಡು ನೋಡೋಣ ಎಂದೆ.

"ಕೊಡೋಕಲ್ಲ ಸಾ, ಉಳಿಸ್ಕೊಳ್ಳೋಕೆ" ಎಂದ.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದ. ಅವನ ತಾಯಿ ಗಂಗುಲಮ್ಮ ಅದೇ ಬಂಡೆಯ ಮೇಲೆ ಸುತ್ತಿಗೆ ಹಿಡಿದು ಜಲ್ಲಿ ಒಡೆದವರು. "ಅಲ್ಲಿ ನೆರಳು ಅಂತ ಇದ್ದಿದ್ದು ಅದೊಂದೇ ಸಾ, ಮೊರದಷ್ಟಗಲ. ನನ್ನ ಅದರಡಿ ಮಲಗ್ಸಿ, ನೆರಳು ಸರಿದಂಗೆಲ್ಲ ನನ್ನೂ ಸರಿಸ್ತಾ ಕೆಲಸ ಮಾಡ್ತಿದ್ಳಂತೆ." ಈಗ ಆಕೆಗೆ ಮಂಡಿ ನೋವು, ಬೆಟ್ಟ ಹತ್ತಲಾರರು. ಮಗ ಕೆಲಸದಿಂದ ಬಂದ ಕೂಡಲೇ ಮರ ಐತಾ ಎಂದು ಕೇಳುತ್ತಾರೆ. ಮುಂದಿನ ತಿಂಗಳು ಆ ಬಂಡೆಗೇ ಕುಳಿ ಹೊಡೆಯಬೇಕು, ಹೊಡೆಯಬೇಕಾದವನು ಇವನೇ. ಮರವನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ ಎಂದು ತಾಯಿಗೆ ಮಾತು ಕೊಟ್ಟುಬಿಟ್ಟಿದ್ದಾನೆ.

ಅಯ್ಯೋ ಶಿವನೇ, ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವ ಜಾತಿಯೇ? ಶುರು ಹಚ್ಚಿಕೊಂಡೆ. ಮೊದಲು ಕೊಂಬೆ ಸವರು. ಸಣ್ಣ ಬೇರು ಒಂದನ್ನೂ ಕಳೆಯಬೇಡ. ಒದ್ದೆ ಗೋಣಿಯಲ್ಲಿ ಸುತ್ತಿ ತಾ. ಮರದ ಪೆಟ್ಟಿಗೆಯೊಂದರಲ್ಲಿ ನೆಟ್ಟು, ಅಲ್ಲಾಡದ ಹಾಗೆ ಬಿಗಿದು ಕಟ್ಟು. ಮೇಲೆ ಪ್ಲಾಸ್ಟಿಕ್ ಹೊದಿಸು. ಗೊಬ್ಬರ ಮುಟ್ಟಿಸಬೇಡ, ಬೇರು ಬಂತಾ ಎಂದು ಎಳೆದು ನೋಡಬೇಡ. "ಚಿಗುರು ಬಂತು ಅಂತ ಕುಣೀಬೇಡ ಕಣಪ್ಪ. ಅದು ಕಾಂಡದಲ್ಲಿರೋ ಹಳೇ ಶಕ್ತಿ. ಬೇರು ಹಿಡಿದಿದೆಯೋ ಇಲ್ವೋ ಚಿಗುರು ಹೇಳಲ್ಲ" ಎಂದೂ ಹೇಳಿದೆ. ಅವನು ಪಾಠ ಒಪ್ಪಿಸುವ ಹಾಗೆ ಎಲ್ಲವನ್ನೂ ನನಗೇ ತಿರುಗಿ ಹೇಳಿ ಹೋದ.

ಆಮೇಲೆ ಅವನು ಮಾಡಿದ ಕೆಲಸ ನನ್ನಿಂದ ಈ ಜನ್ಮದಲ್ಲಿ ಆಗುವಂಥದ್ದಲ್ಲ. ಮೂರು ಭಾನುವಾರ ಒಬ್ಬನೇ ಕೂತು, ಮಿಷನ್ ಮುಟ್ಟದೆ, ಉಳಿ ಸುತ್ತಿಗೆಯಲ್ಲೇ ಬಂಡೆ ಸೀಳಿದ್ದಾನೆ. ಕಲ್ಲಿನ ನಾಡಿ ಅವನಿಗೆ ಗೊತ್ತು, ಎಲ್ಲಿ ಬೆಣೆ ಇಟ್ಟರೆ ಎಲ್ಲಿಗೆ ಬಿರುಕು ಓಡುತ್ತದೆ ಎಂದು. ಮೂರನೆಯ ವಾರ ಬಂಡೆ ಎರಡು ಹೋಳಾಗಿ, ಬೇರು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದು ಇಡಿಯಾಗಿ ಬಿಟ್ಟುಬಂತಂತೆ. ಫೋಟೋ ಕಳಿಸಿದ್ದ. ಒಂದು ಬೇರೂ ತುಂಡಾಗಿರಲಿಲ್ಲ. ನಾನು ಅದನ್ನು ನರ್ಸರಿಗೆ ಬಂದವರಿಗೆಲ್ಲ ತೋರಿಸಿ, ನನ್ನ ಶಿಷ್ಯ ನೋಡಿ ಎಂದು ಜಂಬ ಕೊಚ್ಚಿದೆ.

ಅವತ್ತೇ ಸಂಜೆ ಫೋನ್ ಬಂತು. ಇತ್ತ ಗುಲಾಬಿ ಗಿಡದ ಲೋಡ್ ಇಳಿಯುತ್ತಿತ್ತು, ಆಳುಗಳ ಮೇಲೆ ಕೂಗಾಡುತ್ತಿದ್ದೆ.

"ಸಾ, ಪೆಟ್ಟಿಗೆಗೆ ಏನ್ ತುಂಬ್ಲಿ?"

"ಮಣ್ಣು ಹಾಕೀಯ ಮತ್ತೆ, ಕೊಳೆತುಹೋಗುತ್ತೆ! ನಿಮ್ಮ ಕ್ರಷರ್ ಪುಡಿ ಹಾಕಪ್ಪ. ಕಲ್ಲಲ್ಲಿ ಬೆಳೆದಿದ್ದು ಕಲ್ಲಲ್ಲೇ ಇರ್ಲಿ."

"ಆಯ್ತು ಸಾ" ಎಂದ. ನಾನು ಫೋನಿಟ್ಟು ಮತ್ತೆ ಆಳುಗಳಿಗೆ ಬೈಯತೊಡಗಿದೆ.

ಇಪ್ಪತ್ತೆರಡನೆಯ ದಿನ ಚಿಗುರು ಬಂತು. ಫೋನಿನಲ್ಲಿ ಅವನ ದನಿ ಮೊದಲ ಸಲ ಜೋರಾಗಿ ಕೇಳಿಸಿತು. ಹಿಂದೆ ಗಂಗುಲಮ್ಮ ಯಾರಿಗೋ ಬನ್ನಿ ಬನ್ನಿ ನೋಡಿ ಎಂದು ಕೂಗುತ್ತಿದ್ದರು. ಮೂರು ತಿಂಗಳು ಕಳೆಯಲಿ ತಡಿ ಎಂದು ಗದರಿದೆನಾದರೂ ಒಳಗೊಳಗೆ ನನಗೂ ಖುಷಿಯೇ. ಆಗಸ್ಟ್ ಪೂರ್ತಿ ವಾರಕ್ಕೊಂದು ಫೋಟೋ ಬರುತ್ತಿತ್ತು. ಸೆಪ್ಟೆಂಬರ್ ಮೊದಲ ವಾರ ಬಂದ ಫೋಟೋದಲ್ಲಿ ಎಲೆ ಹಳದಿಯಾಗಿತ್ತು.

ಮಾರನೆಯ ದಿನವೇ ಗಾಡಿ ಹತ್ತಿ ಹೋದೆ. ಗಂಗುಲಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದರು. "ಬನ್ನಿ ಸಾಮಿ" ಎಂದು ಏಳಲು ಹೋದರು, ಬೇಡ ಕೂತ್ಕೊಳ್ಳಮ್ಮ ಎಂದೆ. ಪ್ಲಾಸ್ಟಿಕ್ ಸರಿಸಿ ಬುಡಕ್ಕೆ ಬೆರಳು ಚುಚ್ಚಿದೆ. ಬೆರಳು ಇಳಿಯಲಿಲ್ಲ. ಒಂದು ಚೊಂಬು ನೀರು ಹುಯ್ದು ನೋಡಿದೆ. ನೀರು ತಟ್ಟೆಯಲ್ಲಿ ನಿಂತ ಹಾಗೆ ಮೇಲೆಯೇ ನಿಂತಿತು.

ನನ್ನ ನರ್ಸರಿಯಲ್ಲಿ ಕ್ರಷರ್ ಪುಡಿಯನ್ನು ಎರಡು ಸಲ ಜರಡಿ ಹಿಡಿದು, ಹಿಟ್ಟಿನಂಥದ್ದನ್ನೆಲ್ಲ ತೊಳೆದು ಚೆಲ್ಲಿ, ಕಡಲೆಬೇಳೆ ಗಾತ್ರದ ಚೂರನ್ನಷ್ಟೇ ಕುಂಡಕ್ಕೆ ಹಾಕುತ್ತೇವೆ. ಅದನ್ನು ನಾನು ಹೇಳಿರಲೇ ಇಲ್ಲ. ಹಿಟ್ಟಿನ ಸಮೇತ ಸುರಿದ ಪುಡಿ ಎರಡು ತಿಂಗಳು ನೀರು ಕುಡಿದು ಗಾರೆಯಾಗಿ ಕೂತಿತ್ತು. ಒಡೆದು ತೆಗೆಯೋಣವೆಂದರೆ ಕೂದಲೆಳೆಯ ಹೊಸ ಬೇರು ಅದರೊಳಗೇ ಸಿಕ್ಕಿಕೊಂಡಿದೆ, ಜೊತೆಗೇ ಹರಿದುಹೋಗುತ್ತದೆ. ಬಿಟ್ಟರೆ ಉಸಿರುಕಟ್ಟಿ ಸಾಯುತ್ತದೆ.

ಬಿಸಿಲು ಜಾಸ್ತಿಯಾಗಿದೆ ಎಂದು ಏನೋ ಒಂದು ಹೇಳಿದೆ. ನಿಜ ನಾಲಿಗೆಯ ತುದಿಗೆ ಬಂದು ನಿಂತಿತು, ಗಂಗುಲಮ್ಮನ ಮುಖ ನೋಡಿ ನುಂಗಿಕೊಂಡೆ. ಸಂಜೆ ಕೆಂಪರಾಜು ಬಂದ ಮೇಲೆ ಪೆಟ್ಟಿಗೆಯ ಅಂಚಿಗುಂಟ ಆ ಗಾರೆಯೊಳಕ್ಕೆ ಸಣ್ಣ ಡ್ರಿಲ್‌ನಿಂದ ಹನ್ನೆರಡು ತೂತು ಕೊರೆಸಿದೆ. ನೀರು ಕೊಂಚ ಇಳಿಯಿತು. ಇನ್ನು ನಾವು ಮಾಡುವುದೇನೂ ಉಳಿದಿರಲಿಲ್ಲ. ನರ್ಸರಿಗೆ ಬಂದು ಆ ವಾರ ನಾನು ಯಾರಿಗೂ ಬೈಯಲಿಲ್ಲ. ಮೈ ಹುಷಾರಿಲ್ವಾ ಎಂದು ಶಿರೀಷಾ ಎರಡು ಸಲ ಹಣೆ ಮುಟ್ಟಿ ನೋಡಿದಳು.

ಹನ್ನೊಂದನೆಯ ದಿನ ಎಲೆಯೆಲ್ಲ ಉದುರಿತು ಎಂದು ಫೋನ್ ಬಂತು. ಹೋದೆ. ಗಂಗುಲಮ್ಮ ಒಳಗೆ ಮಲಗಿದ್ದರು. ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದೆ. ಜೀವ ಇದ್ದರೆ ಒಳಗೆ ಹಸಿರು ಇರಬೇಕು, ಇದ್ದಿದ್ದು ಕಂದು ಬಣ್ಣ. ಇನ್ನೊಂದು ಕಡೆ ಕೆರೆದೆ, ಬುಡದ ಹತ್ತಿರ ಕೆರೆದೆ. ಎಲ್ಲಿ ಕೆರೆದರೂ ಕಂದೇ.

"ಎಲ್ಲೋ ನಾನೇ ಎಡವಿದೀನಿ ಸಾ" ಎಂದ ಕೆಂಪರಾಜು. "ನೀರು ಹೆಚ್ಚಾಯ್ತೇನೋ. ನೀವು ಅಷ್ಟು ದೂರದಿಂದ ಬಂದು ಬಂದು..."

ನನಗೆ ತಡೆಯಲಾಗಲಿಲ್ಲ. "ನಿಂದೇನೂ ತಪ್ಪಿಲ್ಲ ಕಣಪ್ಪ, ನಂದು. ಪುಡೀನ ಜರಡಿ ಹಿಡಿದು ತೊಳೆದು ಹಾಕ್ಬೇಕಿತ್ತು. ನಾನು ಹೇಳ್ಲಿಲ್ಲ. ಅದು ಗಟ್ಟಿಯಾಗಿ ಮರ ಸತ್ತಿದೆ."

ಅವನು ನನಗೆ ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಕಾದೆ. ಅವನು ಪೆಟ್ಟಿಗೆಯ ಅಂಚನ್ನು ಸವರುತ್ತಾ ನಿಂತ.

"ಗಟ್ಟಿಯಾಗ್ತದೆ ಅಂತ ನಂಗೆ ಗೊತ್ತಿತ್ತು ಸಾ. ಕ್ವಾರಿ ದಾರಿಗೆ ನಾವು ಅದನ್ನೇ ಹಾಕಿ ನೀರು ಬಿಡೋದು. ಲಾರಿ ಓಡಾಡಿದ್ರೂ ಅಲ್ಲಾಡಲ್ಲ."

"ಗೊತ್ತಿದ್ದೂ ಯಾಕಪ್ಪ ಹಾಕ್ದೆ? ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

"ನೀವು ತಿಳ್ದೋರು. ನೀವೇ ಹೇಳಿದ್ಮೇಲೆ ನಾನೇನ್ ಹೇಳ್ಲಿ ಸಾ?"

ಅಷ್ಟರಲ್ಲಿ ಗಂಗುಲಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬರಿದಾದ ಕೊಂಬೆಗಳನ್ನು ನೋಡಿ, "ಏನಂತಾರೋ ಸಾಮಿ?" ಎಂದು ಮಗನನ್ನು ಕೇಳಿದರು.

"ಎಲೆ ಉದುರಿಸ್ತೈತಂತೆ ಕಣಮ್ಮ. ಮತ್ತೆ ಚಿಗುರ್ತದಂತೆ" ಎಂದ ಕೆಂಪರಾಜು, ನನ್ನ ಕಡೆ ತಿರುಗದೆ.

ಆಕೆ ನನ್ನ ಮುಖ ನೋಡಿದರು.

"ಹೌದಮ್ಮ" ಎಂದೆ.