ಆಕಳಿಕೆಯ ಬೆಲೆ

ಲಾಕ್‌ಡೌನಿನಲ್ಲಿ ಐರ್ಲೆಂಡಿನ ಬ್ಯಾಲಿನ್‌ಕೊಲಿಗ್ ಊರಿನ ಕನ್ನಡಿಗರಾದ ನಮಗೆ ಆಫೀಸಿನ ಅಮೆರಿಕನ್ನರು ಹಚ್ಚಿದ ಚಟವಿದು: ಶನಿವಾರ ಮಧ್ಯಾಹ್ನ ವೀಡಿಯೊ ಕಾಲಿನಲ್ಲಿ ನಮ್ಮ ನಮ್ಮ ಕಾಲ್ಪನಿಕ ತಂಡಗಳಿಗೆ ಬೇಸ್‌ಬಾಲ್ ಆಟಗಾರರನ್ನು ಹರಾಜು ಕೂಗುವುದು. ದುಡ್ಡು ಆಟದ್ದಾದರೂ ಹಟ ನಿಜದ್ದು.

ನಮ್ಮ ಪಕ್ಕದ ಮನೆಯ ಯಜಮಾನರು ಇದರಲ್ಲಿ ಪಳಗಿದವರು. ಬೇಡದವನನ್ನು ಹೊಗಳಿ ಬೆಲೆ ಏರಿಸುವರು. ಬೇಕಾದ ಹೊಸಬನ ಹೆಸರು ಬಂದರೆ ಮಾತ್ರ ಆಕಳಿಸಿ, "ಇವನೇನ್ ಬಿಡ್ರೋ" ಎನ್ನುವರು. ಆ ಗುಟ್ಟು ನಮಗೆ ಗೊತ್ತಾಗಿಹೋಯಿತು.

ಮುಂದಿನ ಹರಾಜಿನಲ್ಲಿ ಪ್ರತಿಯೊಬ್ಬ ಹೊಸ ಆಟಗಾರನಿಗೂ ಅವರು ಆಕಳಿಸಿದರು. ನಾವು ಮುಗಿಬಿದ್ದು ಒಬ್ಬೊಬ್ಬನನ್ನೂ ಕೊಂಡು ಬರಿಗೈಯಾದೆವು. ಅಷ್ಟರಲ್ಲಿ ಅವರ ತಲೆ ವಾಲಿತು. ಮಗಳು ಪರದೆಗೆ ಇಣುಕಿ, "ಡ್ಯಾಡ್ಸ್ ಅಸ್ಲೀಪ್, ಲ್ಯಾಡ್ಸ್. ಟೂ ಮಚ್ ಬಿಸಿಬೇಳೆ ಬಾತ್!" ಎಂದಳು.

ನಮ್ಮ ನಗೆಗೆ ಎಚ್ಚರವಾಗಿ, ದುಡ್ಡು ಉಳಿದಿದ್ದ ಆ ಒಬ್ಬರೇ ಮನುಷ್ಯ ಕಣ್ಣುಜ್ಜಿಕೊಂಡು ಕೇಳಿದರು: "ಹರಾಜು ಶುರು ಆಯ್ತೇನ್ರೋ?"